ಇಳಿದ ಖರ್ಚು

ಇಪ್ಪತ್ತಾರು ವರ್ಷ ಕಂಪನಿಗಳ ಲೆಕ್ಕ ತಪಾಸಣೆ ಮಾಡಿದವನಿಗೆ ತನ್ನದೇ ಒಂದು ಸೂತ್ರ ಇರದೆ ಇರುತ್ತದೆಯೇ? ಅವನಿಗೂ ಒಂದಿತ್ತು. ಏರಿದ್ದನ್ನು ಕೇಳು, ಇಳಿದದ್ದನ್ನು ಬಿಡು. ಈ ವರ್ಷದ ಖರ್ಚಿನ ಪಕ್ಕಕ್ಕೆ ಹೋದ ವರ್ಷದ ಖರ್ಚು ಬರೆದುಕೊಳ್ಳುವುದು; ಯಾವುದು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿದೆಯೋ ಅದಕ್ಕೆ ಸುತ್ತು ಹಾಕಿ, ಕಂಪನಿಯವರನ್ನು ಎದುರಿಗೆ ಕೂರಿಸಿಕೊಂಡು, ಯಾಕಪ್ಪಾ ಏರಿತು ಎಂದು ಬೆವರಿಳಿಸುವುದು. ಇಳಿದಿದ್ದರೆ? ಇಳಿದಿದ್ದರೆ ಸಂತೋಷ. ಕಡಿಮೆ ಖರ್ಚು ಮಾಡಿ ಯಾರಾದರೂ ಕದ್ದದ್ದುಂಟೇ? ಅವನ ವೃತ್ತಿಯವರು ಬಹುತೇಕ ಮಾಡುವುದು ಹೀಗೆಯೇ. ಅವನು ಉಳಿದವರಿಗಿಂತ ಅಚ್ಚುಕಟ್ಟಾಗಿ ಮಾಡುತ್ತಿದ್ದ, ಅಷ್ಟೇ.

ಕಂಪನಿಗಳ ಗುಮಾಸ್ತರು ಬೆನ್ನ ಹಿಂದೆ ಅವನನ್ನು ಕರೆಯುತ್ತಿದ್ದದ್ದು ‘ಹಸಿರು ಪೆನ್ನು’ ಎಂದು. ನೋಡಿದ ಕಾಗದಕ್ಕೆಲ್ಲ ಹಸಿರು ಶಾಯಿಯಲ್ಲಿ ಒಂದು ಟಿಕ್ಕು, ಅದರ ಕೆಳಗೆ ಪುಟ್ಟ ಸಹಿ, ಅದರ ಕೆಳಗೆ ದಿನಾಂಕ. ಬೇರೆ ಆಡಿಟರುಗಳು ಬರೀ ಟಿಕ್ಕು ಹಾಕಿ ಕೈ ತೊಳೆದುಕೊಳ್ಳುತ್ತಿದ್ದರು. ಇವನಿಗೆ ದಿನಾಂಕವೂ ಬೇಕು. ನನ್ನ ಟಿಕ್ಕು ಬಿದ್ದಿದೆ ಎಂದರೆ ಆ ಕಾಗದವನ್ನು ನಾನು ಖುದ್ದಾಗಿ ಕಣ್ಣಾರೆ ನೋಡಿದ್ದೇನೆ ಎಂದರ್ಥ, ನಾಳೆ ಯಾವ ಕೋರ್ಟಿನಲ್ಲಾದರೂ ಹೇಳುತ್ತೇನೆ ಎನ್ನುತ್ತಿದ್ದ. ಮದುವೆಯೂ ಆಗಲಿಲ್ಲ ಪುಣ್ಯಾತ್ಮ. ತೋರಿಸಿದ ಹೆಣ್ಣುಗಳ ಜೊತೆಗೆ ಟಿಕ್ಕು ಹಾಕಲು ರಸೀದಿ ಇರಲಿಲ್ಲವಲ್ಲ, ಅದಕ್ಕೇ ಒಲ್ಲೆ ಅಂದ ಎಂದು ಅವನ ಅಕ್ಕ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದಳು.

ಹಾಗೆ ನಗುವ ಹಕ್ಕು ಅವಳಿಗಿತ್ತು. ಅಪ್ಪ ಅಮ್ಮ ಬೇಗ ಹೋದ ಮೇಲೆ ಅವನನ್ನು ಸಾಕಿದ್ದು ಅಕ್ಕ ಮತ್ತು ಭಾವ. ಭಾವ ಬಟ್ಟೆಗೆ ಬಣ್ಣ ಹಾಕುವ ಒಂದು ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುವ ಕೆಲಸದಲ್ಲಿದ್ದ. ಗಿರಣಿಯ ಒಂದೊಂದು ತೊಟ್ಟಿಗೂ ಬಿಸಿ ಹೋಗುವುದು ಆ ಬಾಯ್ಲರಿನ ಆವಿಯಿಂದಲೇ. ಹಾಗಾಗಿ ಕೆಲಸಗಾರರಿಗೆಲ್ಲ ಅವನು ‘ಆವಿ ಮೇಷ್ಟ್ರು’. ಭಾವಮೈದುನ ಆಡಿಟರ್ ಪರೀಕ್ಷೆಯಲ್ಲಿ ಎರಡು ಸಲ ಫೇಲಾದಾಗ, ಇನ್ನು ಯಾವುದಾದರೂ ಅಂಗಡಿಯಲ್ಲಿ ಲೆಕ್ಕ ಬರೆದುಕೊಂಡು ಇರುತ್ತೇನೆ ಎಂದು ಮೂಲೆ ಹಿಡಿದು ಕೂತಿದ್ದವನನ್ನು ಎಬ್ಬಿಸಿ, ಎರಡು ತಿಂಗಳ ಓವರ್‌ಟೈಮ್ ದುಡ್ಡನ್ನು ಕೈಯಲ್ಲಿಟ್ಟು, ಮೂರನೇ ಸಲ ಆಗದೆ ಎಲ್ಲಿಗೆ ಹೋಗತ್ತೆ ಎಂದವನು ಈ ಭಾವ. ಮೂರನೇ ಸಲ ಆಯಿತು. ಆ ಋಣವನ್ನು ಅವನು ಮರೆತವನಲ್ಲ. ಪ್ರತಿ ಭಾನುವಾರ ಮಧ್ಯಾಹ್ನ ಅಕ್ಕನ ಮನೆಯಲ್ಲೇ ಊಟ.

ಆರು ವರ್ಷದ ಹಿಂದೆ ಅದೇ ಗಿರಣಿ ಅವನನ್ನು ಆಡಿಟರ್ ಆಗಿ ನೇಮಿಸಿತು. ನೇಮಕದ ಕಾಗದ ಕೈಗೆ ಬಂದ ದಿನವೇ ಅವನು ಮಾಡಿದ ಮೊದಲ ಕೆಲಸ, ನನ್ನ ಅಕ್ಕನ ಗಂಡ ನಿಮ್ಮಲ್ಲಿ ಬಾಯ್ಲರ್ ಕೆಲಸಕ್ಕಿದ್ದಾರೆ, ಅವರಿಗೂ ಲೆಕ್ಕಕ್ಕೂ ಸಂಬಂಧವಿಲ್ಲ ಎಂದು ಯಜಮಾನರಿಗೆ ಬರೆದುಕೊಟ್ಟದ್ದು. ಎರಡನೆಯ ಕೆಲಸ, ಮನೆಯಲ್ಲಿ ಕಾನೂನು ಮಾಡಿದ್ದು. ಗಿರಣಿಯ ಒಳಗಿನ ಸುದ್ದಿ ನನ್ನ ಕಿವಿಗೆ ಊಟದ ತಟ್ಟೆಯ ಮೇಲಿಂದ ಬೀಳಬಾರದು. ನಾಳೆ ಯಾರೂ ನನ್ನತ್ತ ಬೆರಳು ತೋರಿಸಬಾರದು. ಭಾವ ನಕ್ಕು, ಆಗಲಿ ಸಾಹೇಬರೇ ಅಂದಿದ್ದ. ಅಕ್ಕ ಮಾತ್ರ, ಇವನೊಬ್ಬ ಸತ್ಯವಂತ ಹುಟ್ಟಿಕೊಂಡ ಎಂದು ಗೊಣಗಿದ್ದಳು.

ನಾಲ್ಕು ವರ್ಷ ಆ ಕಾನೂನು ಮುರಿಯಲಿಲ್ಲ. ಐದನೆಯ ವರ್ಷ, ಜೂನ್ ತಿಂಗಳ ಒಂದು ಭಾನುವಾರ, ಊಟದ ನಡುವೆ ಭಾವ ಕೈ ನಿಲ್ಲಿಸಿ, ಆ ಸೇಫ್ಟಿ ವಾಲ್ವ್ ಇದೆಯಲ್ಲ, ಎಂದು ಶುರು ಮಾಡಿದ. ಒತ್ತಡ ಮಿತಿ ಮೀರಿದರೆ ತಾನಾಗಿ ತೆರೆದುಕೊಂಡು ಆವಿಯನ್ನು ಹೊರಗೆ ಬಿಡುವ ಬಾಯಿ ಅದು. ಬಾಯ್ಲರಿಗೆ ಅದೊಂದೇ ದೇವರು. ಭಾವ ವಾಕ್ಯ ಮುಗಿಸುವ ಮೊದಲೇ ಇವನು ಎಡಗೈ ಎತ್ತಿದ.

“ಭಾವ, ಬೇಡ. ನಾನು ಆಡಿಟರ್. ಏನಿದ್ರೂ ಬರೆದುಕೊಡಿ, ಆಫೀಸಿನ ದಾರೀಲೇ ಬರ್ಲಿ. ಬರವಣಿಗೇಲಿ ಬಂದದ್ದನ್ನ ನಾನು ನೋಡೇ ನೋಡ್ತೀನಿ.”

ಭಾವ ಒಂದು ಗಳಿಗೆ ಅವನ ಮುಖ ನೋಡಿದ. ಆಮೇಲೆ ನಕ್ಕು, ಸರಿ ಬಿಡಪ್ಪ, ಬರೆದೇ ಕೊಡೋಣ ಎಂದು ತಟ್ಟೆಗೆ ಕೈ ಹಾಕಿದ. ಎಂಥಾ ಒಳ್ಳೆಯ ಉತ್ತರ ಕೊಟ್ಟೆ ಎಂದು ಇವನಿಗೆ ಒಳಗೊಳಗೇ ಹೆಮ್ಮೆಯೂ ಆಯಿತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡರು ಅನ್ನುವುದು ಇಂಥವರನ್ನು ನೋಡಿಯೇ ಇರಬೇಕು.

ಮರು ವರ್ಷದ ಏಪ್ರಿಲ್‌ನಲ್ಲಿ ಗಿರಣಿಯ ಆಡಿಟ್ ನಡೆಯಿತು. ಹನ್ನೊಂದನೇ ತಾರೀಕು ಉಗ್ರಾಣದ ಕಾಗದಗಳ ಸರದಿ. ಯಾವುದೇ ವಿಭಾಗಕ್ಕೆ ಸಾಮಾನು ಬೇಕಾದರೆ ಬೇಡಿಕೆ ಚೀಟಿ ಬರೆಯಬೇಕು. ಸಾಮಾನು ಕೊಟ್ಟ ಚೀಟಿಗಳು ಒಂದು ಕಟ್ಟು, ಕೊಡದೆ ಉಳಿದ ಚೀಟಿಗಳು ಇನ್ನೊಂದು ಕಟ್ಟು. ಕೊಡದೆ ಉಳಿದ ಕಟ್ಟನ್ನು ಬೇರೆ ಆಡಿಟರುಗಳು ಬಿಚ್ಚುವುದೇ ಇಲ್ಲ. ಸಾಮಾನು ಕೊಟ್ಟಿಲ್ಲ, ಹಣ ಹೊರಗೆ ಹೋಗಿಲ್ಲ, ಅದರಲ್ಲಿ ನೋಡುವುದೇನಿದೆ? ಇವನು ಬಿಚ್ಚಿದ. ಅಚ್ಚುಕಟ್ಟಿನವನಲ್ಲವೇ! ಹದಿನಾಲ್ಕು ಚೀಟಿಗಳಿದ್ದವು. ನಂಬರು ಸರಿಯಾಗಿದೆಯೇ, ತಾರೀಕು ಇದೆಯೇ, ಮೊತ್ತದ ಜಾಗ ಖಾಲಿ ಇದೆಯೇ, ಈ ಮೂರನ್ನು ನೋಡಿ ಹದಿನಾಲ್ಕಕ್ಕೂ ಹಸಿರು ಟಿಕ್ಕು ಹಾಕಿ, ಸಹಿ ಮಾಡಿ, ದಿನಾಂಕ ಬರೆದು, ಜೆರಾಕ್ಸ್ ತೆಗೆಸಿ ತನ್ನ ಫೈಲಿಗೆ ಸೇರಿಸಿಕೊಂಡ. ಕೊನೆಗೆ ಒಂದು ಸಾಲು ಬರೆದ: ‘ಹಣದ ಪರಿಣಾಮವಿಲ್ಲ, ಮುಂದಿನ ವಿಚಾರಣೆ ಬೇಕಿಲ್ಲ.’

ಸಂಜೆ ನಾಲ್ಕಕ್ಕೆ ಗೇಟಿನ ಕಡೆ ಹೋಗುವಾಗ ಅಂಗಳದ ಆ ತುದಿಯಲ್ಲಿ ಬಾಯ್ಲರ್ ಕೋಣೆಯ ಬಾಗಿಲಲ್ಲಿ ಭಾವ ನಿಂತಿರುವುದು ಕಾಣಿಸಿತು. ಅಪರೂಪಕ್ಕೆ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಹತ್ತಿರ ಹೋಗಿ ಮಾತಾಡಿಸೋಣ ಅನ್ನಿಸಿದರೂ ನೋಡಿದವರು ಏನಂದುಕೊಂಡಾರು ಎಂದು ದೂರದಿಂದಲೇ ಕೈ ಬೀಸಿದ. ಭಾವನೂ ಕೈ ಬೀಸಿದ.

ಮೇ ತಿಂಗಳಲ್ಲಿ ಯಜಮಾನರಿಗೆ ಬ್ಯಾಂಕಿನಿಂದ ಸಾಲ ಬೇಕಾಯಿತು. ಐದು ವರ್ಷದ ಲೆಕ್ಕವನ್ನು ಅಳೆದು ತೂಗಿ, ಕಂಪನಿಯ ಆರೋಗ್ಯ ಹೇಗಿದೆ ಎಂದು ಒಂದು ವರದಿ ಬರೆದುಕೊಡಬೇಕು. ಅವನು ಎರಡು ವಾರ ಕೂತು ಬರೆದ. ಮಾರಾಟ ಇದ್ದಲ್ಲೇ ಇತ್ತು. ಬಣ್ಣದ ಬೆಲೆ, ಕೂಲಿ, ಇಂಧನ ಎಲ್ಲವೂ ಅಷ್ಟಿಷ್ಟು. ಲಾಭ ಮಾತ್ರ ಇಪ್ಪತ್ತೊಂದು ಲಕ್ಷದಿಂದ ಮೂವತ್ತನಾಲ್ಕಕ್ಕೆ ಹೋಗಿತ್ತು. ಕಾರಣ ಹುಡುಕಿದರೆ ಒಂದು ಸಾಲಿನಲ್ಲಿ ಸಿಕ್ಕಿತು. ಯಂತ್ರಗಳ ರಿಪೇರಿ: ಹದಿನೆಂಟು ಲಕ್ಷ, ಹದಿನೈದು, ಹನ್ನೊಂದು, ಏಳು, ನಾಲ್ಕು. ಮೆಟ್ಟಿಲು ಇಳಿದ ಹಾಗೆ ಇಳಿದಿತ್ತು. ಇಳಿದದ್ದಲ್ಲವೇ, ಕೇಳಲಿಲ್ಲ. ‘ನಿರ್ವಹಣಾ ವೆಚ್ಚದ ಮೇಲೆ ಆಡಳಿತ ಸಾಧಿಸಿರುವ ಹಿಡಿತ ಶ್ಲಾಘನೀಯ’ ಎಂದು ಬರೆದ. ಬ್ಯಾಂಕು ಸಾಲ ಕೊಟ್ಟಿತು. ಗಿರಣಿಯ ವಾರ್ಷಿಕ ಸಭೆಯಲ್ಲಿ ಯಜಮಾನರು ಆ ವಾಕ್ಯವನ್ನು ಎರಡು ಸಲ ಓದಿಸಿದರು. ಹಿಂದಿನ ಸಾಲಿನಲ್ಲಿ ಕೆಲಸಗಾರರ ನಡುವೆ ಕೂತಿದ್ದ ಭಾವ, ಬರೆದವನು ನಮ್ಮ ಮನೆಯ ಹುಡುಗ ಎಂದು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ನವೆಂಬರಿನಲ್ಲಿ, ಬೆಳಿಗ್ಗೆ ಹತ್ತೂವರೆಗೆ, ಬಾಯ್ಲರಿನ ಆವಿ ಕೊಳವೆ ಸಿಡಿಯಿತು.

ಒತ್ತಡ ಏರುತ್ತಿರುವುದನ್ನು ಕಂಡು ಒಳಗಿದ್ದ ನಾಲ್ಕು ಜನರನ್ನು ಭಾವ ಮೊದಲೇ ಹೊರಗೆ ಅಟ್ಟಿದ್ದ. ತಾನು ಮಾತ್ರ ಉರಿ ಆರಿಸುವುದಕ್ಕೆ ಒಳಗೇ ಉಳಿದಿದ್ದ. ಬಲಗೈ ಮೊಣಕೈವರೆಗೆ ಬೆಂದುಹೋಯಿತು. ಬಲಗಣ್ಣು ಹೋಯಿತು. ಎಡಗಣ್ಣಿಗೆ ಬೆಳಕು ಕಂಡರೆ ಅದೃಷ್ಟ ಅಂದರು ಡಾಕ್ಟರು.

ಮೂರನೆಯ ದಿನ ಗಿರಣಿಯವರು ಕಾರ್ಖಾನೆ ಇನ್‌ಸ್ಪೆಕ್ಟರಿಗೆ ತಮ್ಮ ವರದಿ ಕೊಟ್ಟರು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನು ಕೆಲಸದ ವೇಳೆಯಲ್ಲಿ ನಿದ್ದೆ ಮಾಡುತ್ತಿದ್ದ, ಒತ್ತಡ ಏರಿದ್ದನ್ನು ಗಮನಿಸಲಿಲ್ಲ. ಯಂತ್ರದಲ್ಲಿ ದೋಷವಿರಲಿಲ್ಲ, ದೋಷವಿದೆ ಎಂದು ಅವನು ಯಾವತ್ತೂ ಲಿಖಿತವಾಗಿ ತಿಳಿಸಿಯೂ ಇರಲಿಲ್ಲ. ಹಾಗೆಂದರೆ ಪರಿಹಾರವೂ ಇಲ್ಲ, ಮೂವತ್ತೊಂದು ವರ್ಷದ ಹೆಸರೂ ಇಲ್ಲ. ಈ ಸುದ್ದಿ ಕೇಳಿದಾಗ ಆಡಿಟರ್ ಆಸ್ಪತ್ರೆಯಲ್ಲಿ ಭಾವನ ಮಂಚದ ಪಕ್ಕ ನಿಂತಿದ್ದ. ಬ್ಯಾಂಡೇಜಿನ ಒಳಗಿಂದ ಭಾವ ದುಡ್ಡಿನ ಮಾತೇ ಎತ್ತಲಿಲ್ಲ.

“ನಿದ್ದೆ ಅಂತ ಬರೆದವ್ರೆ ನೋಡು. ಕೈ ಹೋಯ್ತು, ಹೋಗ್ಲಿ. ನಿದ್ದೆ ಅನ್ನೋದನ್ನ ಮಾತ್ರ ತೆಗೆಸ್ಬೇಕು. ನಾನು ಬರೆದಿದ್ದೆ, ಮೂರು ಸಲ ಬರೆದಿದ್ದೆ.”

ಭಾವನ ಹತ್ತಿರ ಉಳಿದಿದ್ದ ಪ್ರತಿಗಳು ಬಾಯ್ಲರ್ ಕೋಣೆಯ ಗೂಡಿನಲ್ಲೇ ಇದ್ದವು, ಕುದಿಯುವ ನೀರಿಗೆ ಸಿಕ್ಕಿ ಮುದ್ದೆಯಾಗಿದ್ದವು. ಉಗ್ರಾಣದ ಕಟ್ಟು ಎಲ್ಲಿದೆಯೋ, ಇದೆಯೋ ಇಲ್ಲವೋ, ಯಾರೂ ಹೇಳುವ ಹಾಗಿರಲಿಲ್ಲ. ಮಂಚದ ಪಕ್ಕ ನಿಂತವನಿಗೆ ಮಾತ್ರ ನೆನಪಾಯಿತು. ಹದಿನಾಲ್ಕು ಚೀಟಿ, ಅವುಗಳ ಜೆರಾಕ್ಸ್, ತನ್ನ ಕಪಾಟಿನ ಎರಡನೇ ಅಂಕಣ.

ನೆಟ್ಟಗೆ ಆಫೀಸಿಗೆ ಹೋಗಿ ಫೈಲು ತೆಗೆದ. ಮೂರೂ ಇದ್ದವು. ಭಾವನ ದುಂಡು ಅಕ್ಷರ, ಸಹಿಯ ಕೊನೆಗೆ ಎಳೆದ ಉದ್ದನೆಯ ಬಾಲ. ಪ್ರತಿಯೊಂದರ ಮೇಲೂ ತನ್ನ ಟಿಕ್ಕು, ತನ್ನ ಸಹಿ, ಏಪ್ರಿಲ್ ಹನ್ನೊಂದು. ಜೆರಾಕ್ಸಿನಲ್ಲಿ ಹಸಿರು ಕಪ್ಪಾಗಿತ್ತು, ಆದರೆ ಅದು ಯಾರದೆಂದು ಗೊತ್ತಿಲ್ಲದವರು ಆ ಕಡೆಯ ಗುಮಾಸ್ತರಲ್ಲಿ ಒಬ್ಬರೂ ಇರಲಿಲ್ಲ. ಚೀಟಿಗಳಲ್ಲಿ ಬರೆದದ್ದನ್ನು ಅವನು ಅವತ್ತು ಮೊದಲ ಸಲ ಓದಿದ. ಆಮೇಲೆ ಬ್ಯಾಂಕಿಗೆ ಕೊಟ್ಟ ವರದಿಯನ್ನೂ ತೆಗೆದು ಎದುರಿಗಿಟ್ಟುಕೊಂಡ. ಲಾಭ ಏರಿದ್ದು ಹದಿಮೂರು ಲಕ್ಷ. ರಿಪೇರಿ ಇಳಿದದ್ದು ಹದಿನಾಲ್ಕು ಲಕ್ಷ. ಒಂದನೇ ಕ್ಲಾಸಿನ ಮಗುವಿಗೂ ಬರುವ ಕಳೆಯುವ ಲೆಕ್ಕ. ಗಿರಣಿ ಐದು ವರ್ಷದಲ್ಲಿ ಒಂದು ಕಾಸನ್ನೂ ಹೆಚ್ಚು ಗಳಿಸಿರಲಿಲ್ಲ. ತನ್ನ ಮೈಯನ್ನೇ ತಿಂದು, ತಿಂದದ್ದನ್ನು ಲಾಭವೆಂದು ಬರೆದುಕೊಂಡಿತ್ತು. ಶ್ಲಾಘನೀಯ ಅಂತೆ, ಶ್ಲಾಘನೀಯ!

ಆಗಲೇ ಎದ್ದು ಫೈಲನ್ನು ಕಂಕುಳಲ್ಲಿ ಇಟ್ಟುಕೊಂಡು ಇನ್‌ಸ್ಪೆಕ್ಟರ್ ಆಫೀಸಿಗೆ ನಡೆದುಬಿಟ್ಟಿದ್ದರೆ ಈ ಕತೆ ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಅವನು ಕಪಾಟಿಗೆ ಬೀಗ ಹಾಕಿ ಮನೆಗೆ ಹೋದ.

ಹೋಗದೆ ಇರುವುದಕ್ಕೆ ಕಾರಣಗಳಿಗೇನು ಬರ? ಕಂಪನಿಯ ಕಾಗದ ಗುಟ್ಟಿನ ಕಾಗದ, ಆಡಿಟರ್ ಆದವನು ಹೊರಗೆ ಕೊಡಬಾರದು ಎಂದಿತು ಕಾನೂನು ಪುಸ್ತಕ. ಸರ್ಕಾರಿ ವಿಚಾರಣೆಗೆ ಕೊಡಬಹುದು ಎಂದು ಅದೇ ಪುಟದ ಕೆಳಗಿತ್ತು, ಅಲ್ಲಿಗೆ ಅವನ ಕಣ್ಣು ಹೋಗಲಿಲ್ಲ. ಲೈಸೆನ್ಸ್ ಹೋದರೆ ಎಂದು ಹೆದರಿದ. ಇನ್‌ಸ್ಪೆಕ್ಟರೇ ನೋಟಿಸು ಕಳಿಸಿ ಕೇಳಲಿ, ಆಗ ಕೊಟ್ಟರೆ ನನ್ನ ಮೇಲೆ ಮಾತು ಬರುವುದಿಲ್ಲ ಎಂದು ಕಾದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಲ್ಲಕ್ಕಿಂತ ಕೆಳಗೆ ಇದ್ದದ್ದು ಬರೀ ನಾಚಿಕೆ. ಇಪ್ಪತ್ತಾರು ವರ್ಷ ಊರಿಗೆಲ್ಲ ಪ್ರಶ್ನೆ ಕೇಳಿದವನಿಗೆ ತನ್ನನ್ನು ಒಬ್ಬರು ಕೇಳುತ್ತಾರೆ ಎಂಬುದನ್ನು ನೆನೆಯುವುದಕ್ಕೂ ಆಗುತ್ತಿರಲಿಲ್ಲ.

ದಿನಾ ಆಸ್ಪತ್ರೆಗೆ ಹೋಗುತ್ತಿದ್ದ. ಹಣ್ಣು ಒಯ್ಯುತ್ತಿದ್ದ. ಬಿಲ್ಲಿನಲ್ಲಿ ಕೂಡಿದ್ದು ತಪ್ಪಾಗಿದೆ ಎಂದು ಕ್ಯಾಷಿಯರ್ ಜೊತೆ ಜಗಳವಾಡಿ ನಾನೂರ ಎಂಬತ್ತು ಉಳಿಸಿದ. ಬಿಲ್ಲನ್ನೂ ತಾನೇ ಕಟ್ಟಲು ಹೋದ, ಅಕ್ಕ ಬಿಡಲಿಲ್ಲ. ಅದು ಗಿರಣಿ ಕಟ್ಟಬೇಕಾದ ದುಡ್ಡು, ನೀನು ಕಟ್ಟಿದರೆ ಇವರದ್ದೇ ತಪ್ಪು ಅಂತ ನಾವೇ ಒಪ್ಪಿದ ಹಾಗೆ, ಎಂದಳು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಎಂದು ಹೇಳಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ತಲೆ ತಗ್ಗಿಸಿ ಹಣ್ಣು ಹೆಚ್ಚುತ್ತ ಕೂತ. ಭಾವ ಅವನನ್ನು ಕೇಳಿದ್ದು ಒಂದೇ ಸಲ, ನಿನ್ನ ಕಡೆ ಏನಾದರೂ ಕಾಗದ ಇರಬಹುದಾ ಎಂದು. ನೋಡುತ್ತೇನೆ ಅಂದ. ಹದಿನೈದನೇ ದಿನ ಭಾವನನ್ನು ಮನೆಗೆ ಕಳಿಸಿದರು. ಬಿಲ್ಲಿನ ಬಾಕಿಗೆ ಅಕ್ಕ ವಾರದ ವಾಯಿದೆ ಬರೆದುಕೊಟ್ಟು ಬಂದಳು.

ಇಪ್ಪತ್ತೆರಡನೇ ದಿನ, ಶನಿವಾರ, ಅವನ ಕೈಲಿ ಆಗಲಿಲ್ಲ. ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ತನ್ನ ಮುಖವನ್ನೇ ನೋಡಲಾರದೆ ಅರ್ಧಕ್ಕೆ ಬಿಟ್ಟ. ಏನಾದರೂ ಆಗಲಿ, ಮೊದಲು ಭಾವನ ಮುಂದೆ ಹೇಳಿಬಿಡುತ್ತೇನೆ, ಆಮೇಲೆ ಇನ್‌ಸ್ಪೆಕ್ಟರ್ ಹತ್ತಿರ ಹೋಗುತ್ತೇನೆ ಎಂದು ಫೈಲು ಹಿಡಿದುಕೊಂಡು ಅಕ್ಕನ ಮನೆಗೆ ಹೋದ.

ಭಾವ ಮುಂದಿನ ಕೋಣೆಯಲ್ಲಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದ. ಕಣ್ಣಿಗೆ ಪಟ್ಟಿ. ಬಲಗೈ ದಿಂಬಿನ ಮೇಲೆ. ಅಕ್ಕ ಕೆಳಗೆ ಕೂತು ಒಗೆದ ಬಟ್ಟೆ ಮಡಿಸುತ್ತಿದ್ದಳು. ಭಾವನ ಎಡಗೈ ಹೆಬ್ಬೆರಳು ನೀಲಿಯಾಗಿತ್ತು.

ಇದೇನು ಎಂದು ಕೇಳಿದ. ಅಕ್ಕ ಮುಖ ಎತ್ತದೆ ಹೇಳಿದಳು. ನಿನ್ನೆ ಸಂಜೆ ಗಿರಣಿಯ ಲೆಕ್ಕದ ಮ್ಯಾನೇಜರ್ ಬಂದಿದ್ದ, ಯಾವಾಗಲೂ ಹಲ್ಲು ಬಿಟ್ಟುಕೊಂಡಿರುತ್ತಾನಲ್ಲ, ಆ ನಗುಮುಖದವನು. ಒಂದು ಕಾಗದ ತಂದಿದ್ದ. ಅಪಘಾತ ತನ್ನ ತಪ್ಪಿನಿಂದ ಆಯಿತೆಂದು ಒಪ್ಪಿಕೊಂಡರೆ ಆಸ್ಪತ್ರೆ ಬಿಲ್ಲು ಪೂರ್ತಿ ಕಟ್ಟುತ್ತೇವೆ, ಮೇಲೆ ಒಂದೂವರೆ ಲಕ್ಷ ಕೊಡುತ್ತೇವೆ, ಇಲ್ಲದಿದ್ದರೆ ಕೋರ್ಟಿಗೆ ಹೋಗಿ, ಹತ್ತು ವರ್ಷ ಆಗುತ್ತದೆ ಅಂದನಂತೆ. ಬಿಲ್ಲಿನ ವಾಯಿದೆ ಮರುದಿನವೇ ಮುಗಿಯುತ್ತಿತ್ತು. ಮೂವತ್ತೊಂದು ವರ್ಷ ಬಾಲ ಎಳೆದು ಸಹಿ ಮಾಡಿದವನು ಎಡಗೈ ಹೆಬ್ಬೆಟ್ಟು ಒತ್ತಿಕೊಟ್ಟ.

ಭಾವ ಮಾತ್ರ ನಗುವುದಕ್ಕೆ ನೋಡಿದ. ಚೌಕಾಸಿ ಮಾಡಿದೆ ಕಣೋ ಎಂದ. ಅವರು ನಿದ್ದೆ ಅಂತ ಬರೆದುಕೊಂಡು ಬಂದಿದ್ದರು, ಕಣ್ತಪ್ಪು ಅಂತ ಮಾಡಿದರೆ ಒತ್ತುತ್ತೇನೆ ಅಂದೆ, ಒಪ್ಪಿಕೊಂಡರು.

ಅವನು ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಭಾವ, ಚೀಟಿಗಳು ಸಿಕ್ಕಿವೆ ಎಂದ. ಅಕ್ಕನ ಕೈ ಬಟ್ಟೆಯ ಮೇಲೆ ನಿಂತಿತು.

“ಓದು,” ಅಂದ ಭಾವ.

ಓದಿದ. ಮೊದಲನೆಯದು ಜುಲೈ. ಸೇಫ್ಟಿ ವಾಲ್ವ್ ಒಂದು, ಹಳೆಯದು ಸರಿಯಾಗಿ ತೆರೆಯುತ್ತಿಲ್ಲ. ಎರಡನೆಯದು ಅಕ್ಟೋಬರ್. ಸೇಫ್ಟಿ ವಾಲ್ವ್ ಒಂದು, ತುರ್ತು. ಮೂರನೆಯದು ಜನವರಿ. ‘ಸೇಫ್ಟಿ ವಾಲ್ವ್ ಒಂದು. ಮೂರನೇ ಸಲ ಬರೆಯುತ್ತಿದ್ದೇನೆ. ಪೂರ್ತಿ ಕಚ್ಚಿಕೊಂಡಿದೆ. ದಿನವೂ ಕೈಯಲ್ಲೇ ಆವಿ ಬಿಟ್ಟು ನಡೆಸುತ್ತಿದ್ದೇನೆ, ಅದಕ್ಕೆ ತಿರುಗಿಸುವ ಚಕ್ರವೂ ಸಡಿಲವಾಗಿದೆ. ಈ ಕಾಗದ ನೋಡುವವರು ದಯವಿಟ್ಟು ಒಂದು ಸಲ ಬಾಯ್ಲರ್ ಕೋಣೆಗೆ ಬಂದು ಹೋಗಬೇಕು.’

“ಅದರ ಕೆಳಗೆ?”

“ನಿಮ್ಮ ಸಹಿ.”

“ಅದು ಗೊತ್ತು. ಅದರ ಕೆಳಗೆ?”

ಭಾವನಿಗೆ ಹೇಗೆ ಹೊಳೆಯಿತೋ! ಅವನು ಸುಳ್ಳು ಹೇಳಬಹುದಿತ್ತು, ಎದುರಿಗಿದ್ದವನ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಹೇಳಲಿಲ್ಲ. ನನ್ನ ಟಿಕ್ಕು ಇದೆ, ಏಪ್ರಿಲ್ ಹನ್ನೊಂದರ ತಾರೀಕಿದೆ, ಓದದೆ ಹಾಕಿದೆ, ಹಣವಿಲ್ಲದ ಚೀಟಿ ಎಂದು ಹಾಕಿದೆ ಎಂದ. ಜೆರಾಕ್ಸು ನನ್ನ ಕಪಾಟಿನಲ್ಲೇ ಇತ್ತು, ಹತ್ತೊಂಬತ್ತು ದಿನದಿಂದ ಗೊತ್ತಿದ್ದೂ ಹೆದರಿ ಇಟ್ಟುಕೊಂಡಿದ್ದೆ ಎಂದೂ ಹೇಳಿದ. ಅಷ್ಟು ಹೇಳಿ ಮುಗಿಸುವ ಹೊತ್ತಿಗೆ ಅಳು ಬಂತು. ಐವತ್ತು ದಾಟಿದ ಗಂಡಸು ಮೂಗು ಒರೆಸಿಕೊಳ್ಳುತ್ತ ಕೂತ.

ಅಕ್ಕ ಎದ್ದು ನಿಂತಳು. ಕಿರುಚಲಿಲ್ಲ.

“ಓದ್ದೇ ಟಿಕ್ಕು ಹಾಕ್ದೆ, ಹೋಗ್ಲಿ, ಕೆಲಸದ ಗಡಿಬಿಡಿ ಅನ್ಕೋತೀನಿ. ಓದಿದ್ಮೇಲೆ ಹತ್ತೊಂಬತ್ತು ದಿನ ಇವರ ಹತ್ರ ಬಂದು ಹಣ್ಣು ಹೆಚ್ಚಿಕೊಟ್ಯಲ್ಲ, ಅದಕ್ಕೇನನ್ಲಿ ನಾನು? ನಿನ್ನೆ ಇದನ್ನ ತಂದಿದ್ರೆ ಇವರು ಹೆಬ್ಬೆಟ್ಟು ಒತ್ತುತಿರ್ಲಿಲ್ಲ ಕಣೋ.”

ಅವಳು ಮಡಿಸಿದ ಬಟ್ಟೆಯನ್ನು ಎತ್ತಿಕೊಂಡು ಒಳಗೆ ಹೋದಳು. ಚಿಕ್ಕಂದಿನಲ್ಲಿ ತಪ್ಪು ಮಾಡಿದಾಗ ಬೈದು, ಹೊಡೆದು, ಆಮೇಲೆ ಕರೆದು ಊಟಕ್ಕೆ ಬಡಿಸುತ್ತಿದ್ದವಳು ಅವಳು. ಅವತ್ತು ಕರೆಯಲಿಲ್ಲ.

ಭಾವ ಕಿಟಕಿಯ ಕಡೆ ಮುಖ ತಿರುಗಿಸಿದ. ಆಮೇಲೆ ಆ ಏಪ್ರಿಲ್ ಹನ್ನೊಂದರ ದಿನದ ಮಾತು ತೆಗೆದ. ಆಡಿಟ್ ನಡೆಯುತ್ತಿದೆ, ಉಗ್ರಾಣದ ಕಾಗದ ಇವತ್ತು ನೋಡುತ್ತಾರೆ ಎಂದು ಕೇಳಿ ಅವನು ಬಾಯ್ಲರ್ ಕೋಣೆಯನ್ನು ಗುಡಿಸಿದ್ದನಂತೆ. ಒಂದು ಕುರ್ಚಿಯನ್ನು ಒರೆಸಿ ಇಟ್ಟಿದ್ದನಂತೆ. ಮಸಿ ಅಂಗಿಯಲ್ಲಿ ಸಾಹೇಬರ ಮುಂದೆ ನಿಲ್ಲಬಾರದೆಂದು ಬೆಳಿಗ್ಗೆಯೇ ಅಕ್ಕನ ಕೈಲಿ ಇಸ್ತ್ರಿ ಮಾಡಿಸಿಕೊಂಡು ಹೋಗಿದ್ದನಂತೆ. ನಾಲ್ಕು ಗಂಟೆಗೆ ನೀನು ಗೇಟಿನ ಹತ್ತಿರ ಕೈ ಬೀಸಿದೆಯಲ್ಲ, ಎಂದ.

“ಆ ಮೂರನೇ ಚೀಟಿ ಆಫೀಸಿಗೆ ಬರೆದದ್ದಲ್ಲ ಕಣೋ. ನಿಂಗೆ ಬರೆದದ್ದು. ಬರೆದುಕೊಡಿ, ನೋಡೇ ನೋಡ್ತೀನಿ ಅಂದಿದ್ಯಲ್ಲ. ಉಗ್ರಾಣದವನಿಗೆ ಬರೆಯೋದಾದ್ರೆ ದಯವಿಟ್ಟು ಅಂತ ಹಾಕ್ತಿದ್ನಾ ನಾನು?”

ಅವನು ಭಾವನ ಎಡಗೈಯನ್ನು ಹಿಡಿದುಕೊಂಡ. ಭಾವ ಬಿಡಿಸಿಕೊಳ್ಳಲಿಲ್ಲ, ಒತ್ತಲೂ ಇಲ್ಲ. ಹೋಗು, ಕೊಡಬೇಕಾದವರಿಗೆ ಕೊಟ್ಟು ಬಾ ಅಂದ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನು ಕಾರ್ಖಾನೆ ಇನ್‌ಸ್ಪೆಕ್ಟರ್ ಎದುರು ಕೂತ. ನಲವತ್ತರ ಆಸುಪಾಸಿನ ಹೆಂಗಸು, ಮೇಜಿನ ಮೇಲೆ ಟೀ ಆರುತ್ತಿತ್ತು. ಚೀಟಿಗಳನ್ನು ಒಂದೊಂದಾಗಿ ಓದಿ, ಮೂರನೆಯದನ್ನು ಎರಡು ಸಲ ಓದಿದಳು. ರಿಪೇರಿ ಖರ್ಚಿನ ಐದು ವರ್ಷದ ಪಟ್ಟಿಯನ್ನೂ ಅವನು ಮುಂದಿಟ್ಟ, ಬ್ಯಾಂಕಿಗೆ ಬರೆದ ವರದಿಯನ್ನೂ ಇಟ್ಟ, ಶ್ಲಾಘನೀಯ ಅನ್ನುವ ಪದದ ಕೆಳಗೆ ತಾನೇ ಗೆರೆ ಎಳೆದಿದ್ದ. ಅವಳು ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಅಪಘಾತದ ಕಾರಣ ಎಂಬಲ್ಲಿ ನಾನು ವಾಲ್ವಿನ ವಿಷಯ ಬರೆಯಬಲ್ಲೆ, ಯಜಮಾನರ ಮೇಲೆ ಮೊಕದ್ದಮೆಯೂ ಹಾಕಬಲ್ಲೆ. ಆದರೆ ಗಾಯಗೊಂಡವರು ಹೆಬ್ಬೆಟ್ಟು ಒತ್ತಿದ ಕಾಗದ ಶನಿವಾರ ಬೆಳಿಗ್ಗೆಯೇ ನನ್ನ ಕೈ ಸೇರಿದೆ. ತಪ್ಪೊಪ್ಪಿಗೆಯೂ ಫೈಲಿನಲ್ಲಿ ಉಳಿಯುತ್ತದೆ, ಪರಿಹಾರ ಅಷ್ಟಕ್ಕೇ ನಿಲ್ಲಬಹುದು. ಒಂದು ವಾರ ಮೊದಲೇ ಬಂದಿದ್ದರೆ ಬೇರೆ ಮಾತಾಗಿತ್ತು, ಎಂದಳು.

ನಂತರ ಒಂದು ನಮೂನೆ ಕೊಟ್ಟು ತುಂಬಿಸಲು ಹೇಳಿದಳು. ಹೆಸರು, ವೃತ್ತಿ, ಗಾಯಗೊಂಡವರಿಗೂ ನಿಮಗೂ ಇರುವ ಸಂಬಂಧ. ಅಕ್ಕನ ಗಂಡ ಎಂದು ಬರೆದ. ಅದರ ಕೆಳಗೆ, ಯಂತ್ರದ ದೋಷ ನಿಮ್ಮ ಗಮನಕ್ಕೆ ಬಂದ ದಿನಾಂಕ ಎಂದಿತ್ತು. ಅಪಘಾತದ ಮೂರನೆಯ ದಿನ ಎಂದು ಬರೆದಿದ್ದರೆ ಅದನ್ನು ಸುಳ್ಳು ಅನ್ನುವವರು ಯಾರೂ ಇರಲಿಲ್ಲ. ಅವನು ಜೇಬಿನಿಂದ ಹಸಿರು ಪೆನ್ನು ತೆಗೆದು ಏಪ್ರಿಲ್ ಹನ್ನೊಂದು ಎಂದು ಬರೆದು, ಎದುರಿಗೆ ತಳ್ಳಿದ.

ಅವಳು ನೋಡಿ ಹುಬ್ಬು ಗಂಟಿಕ್ಕಿದಳು.

“ಇದು ಅಪಘಾತಕ್ಕಿಂತ ಏಳು ತಿಂಗಳು ಮುಂಚಿನ ತಾರೀಕು. ತಪ್ಪಿ ಬರೆದಿರಾ?”

“ಇಲ್ಲ ಮೇಡಂ,” ಅಂದ. “ಅವತ್ತೇ ನೋಡಿದ್ದೆ.”